ಒಳಗಿದ್ದವರೇ ಸಭೆ

ನೇರ ನಡೆ ಪಕ್ಷದ ತುರ್ತು ಸಭೆಗೆ ಬಂದವರೆಲ್ಲ ಹೊಸ ಹಾಸಿಗೆಗಳ ಮೇಲೆ ಕೂತಿದ್ದರು. ಬೇರೆ ದಾರಿಯೂ ಇರಲಿಲ್ಲ. ಹಾಸಿಗೆಯಕ್ಕನ ಅಂಗಡಿಯಲ್ಲಿ ಆಸನ ಅಂತ ಇದ್ದದ್ದು ಹೊಲಿಗೆ ಯಂತ್ರದ ಮುಂದಿನ ಒಂದು ಸ್ಟೂಲು ಮಾತ್ರ. ಉಳಿದ ಜಾಗವೆಲ್ಲ ಹತ್ತಿ, ದಿಂಬು, ಡಬಲ್ ಕಾಟಿನದು, ಸಿಂಗಲ್ ಕಾಟಿನದು. ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಹಾಸಿಗೆಗಳಾದ್ದರಿಂದ, ಯಾರಾದರೂ ಆವೇಶದಲ್ಲಿ ಕೈ ಎತ್ತಿದರೆ ಮೊದಲು ಕೆಳಗಿನಿಂದ ಚರ್ ಚರ್ ಎಂದು ಸದ್ದು ಬರುತ್ತಿತ್ತು, ಆಮೇಲೆ ಬಾಯಿಂದ ಸಿದ್ಧಾಂತ ಬರುತ್ತಿತ್ತು. ಊರಲ್ಲಿ ಇಷ್ಟು ಗಟ್ಟಿ ನಿಲುವಿನ ಜನ ಇಷ್ಟು ಮೆತ್ತಗಿನ ಜಾಗದಲ್ಲಿ ಕೂತು ಮಾತಾಡುವ ಪಕ್ಷ ಇನ್ನೊಂದಿರಲಿಲ್ಲ.

ಒಂದು ಕಾಲದಲ್ಲಿ ಈ ಪಕ್ಷದ ಸಭೆಗೆ ಸಿನಿಮಾ ಟಾಕೀಸೇ ಬೇಕಾಗುತ್ತಿತ್ತು. ಆಮೇಲೆ ಬಾವುಟದ ಬಣ್ಣ ತಿಳಿಯಾಗಿರಬೇಕೋ ಗಾಢವಾಗಿರಬೇಕೋ ಎಂದು ಜಗಳವಾಗಿ ಅರ್ಧ ಜನ ಹೋದರು. ಹೋದವರು ‘ನೇರ ನಡೆ (ಅಪ್ಪಟ)’ ಎಂದು ಹೆಸರಿಟ್ಟುಕೊಂಡರು. ಅವರಲ್ಲೇ ಜಗಳವಾಗಿ ‘ಅಪ್ಪಟ ನೇರ ನಡೆ’ ಹುಟ್ಟಿತು. ಪಕ್ಷ ಎಂದರೆ ರೆಕ್ಕೆ ಎಂದೂ ಅರ್ಥವಿದೆಯಲ್ಲ, ಈ ಪಕ್ಷ ವರ್ಷಕ್ಕೊಂದು ರೆಕ್ಕೆ ಕತ್ತರಿಸಿಕೊಂಡು, ಮೈ ಹಗುರಾಯಿತು, ಇನ್ನು ಹಾರುವುದೇ ಬಾಕಿ ಎಂದು ಕಾಯುತ್ತಿತ್ತು. ಈಗ ಇಡೀ ಪಕ್ಷ ಒಂದು ಹಾಸಿಗೆ ಅಂಗಡಿಯೊಳಗೆ ಹಿಡಿಸುತ್ತಿತ್ತು. ಆರು ಜನ.

ಆದರೆ ಆ ಆರರಲ್ಲಿ ಒಬ್ಬಳು ಪುರಸಭೆ ಚುನಾವಣೆಯಲ್ಲಿ ಗೆದ್ದುಬಿಟ್ಟಿದ್ದಳು! ಅದೇ ಆದ ಎಡವಟ್ಟು. ಸೋತಿದ್ದರೆ ಎಲ್ಲರೂ ನೆಮ್ಮದಿಯಾಗಿ ಇರುತ್ತಿದ್ದರು. ಹಳೇ ಮಾರುಕಟ್ಟೆಯ ವಾರ್ಡಿನಲ್ಲಿ ಮಲಗುವವರೆಲ್ಲ ಹಾಸಿಗೆಯಕ್ಕ ಹೊಲಿದ ಹಾಸಿಗೆಯಲ್ಲೇ ಮಲಗುತ್ತಿದ್ದರು. ಓಟಿನ ದಿನ ಬೆನ್ನುನೋವಿಲ್ಲದೆ ಎದ್ದವರು ನೆಟ್ಟಗೆ ಬೂತಿಗೆ ಹೋಗಿ ಅವಳಿಗೇ ಒತ್ತಿ ಬಂದಿದ್ದರು. ಪಕ್ಷ ಯಾವುದೆಂದು ಬಹಳ ಜನ ನೋಡಿರಲೂ ಇಲ್ಲ.

ಈಗ ಪುರಸಭೆಯ ಅಧ್ಯಕ್ಷರ ಆಯ್ಕೆಗೆ ಲೆಕ್ಕ ಹೀಗಿತ್ತು: ಹಾಲಿ ಅಧ್ಯಕ್ಷರ ಹಳೇ ಬಣ ಹತ್ತು, ಐಸು ಫ್ಯಾಕ್ಟರಿಯ ಸಾಹುಕಾರ ಅಲ್ಲಿಂದ ಇಲ್ಲಿಂದ ಜೋಡಿಸಿಕೊಂಡ ಕೂಡು ಬಣ ಹತ್ತು, ಮಧ್ಯೆ ಹಾಸಿಗೆಯಕ್ಕ. ಅವಳು ಓಟು ಹಾಕದೆ ಕೂತರೆ ಸಮಸಮ. ಸಮಸಮ ಆದರೆ ಹಾಲಿ ಅಧ್ಯಕ್ಷರಿಗೆ ಇನ್ನೊಂದು ಓಟು. ಅವರು ತಮಗೆ ತಾವೇ ಹಾಕಿಕೊಂಡು ಮತ್ತೆ ಕುರ್ಚಿ ಹತ್ತುತ್ತಾರೆ. ಹತ್ತಿದ ಕೂಡಲೇ ಮಾಡುವ ಮೊದಲ ಕೆಲಸ ಏನೆಂದು ಮೈಕಿನಲ್ಲೇ ಹೇಳಿಯಾಗಿತ್ತು. ಹಳೇ ಮಾರುಕಟ್ಟೆ ಕೆಡವಿ ಅಲ್ಲಿ ಕಾರು ನಿಲ್ಲಿಸುವ ಕಟ್ಟಡ. ಐಸು ಸಾಹುಕಾರ ಮಾತ್ರ ತಾನು ಗೆದ್ದರೆ ಮಾರುಕಟ್ಟೆ ಉಳಿಸಿ, ಚಾವಣಿ ರಿಪೇರಿ ಮಾಡಿಸುವುದಾಗಿ ಮಾತು ಕೊಟ್ಟಿದ್ದ.

ಹಾಸಿಗೆಯಕ್ಕನ ಅಂಗಡಿ ಆ ಮಾರುಕಟ್ಟೆಯ ಮೂಲೆಯದು. ಅಮ್ಮ ಶುರು ಮಾಡಿದ್ದು. ಹತ್ತಿಯ ಕೆಲಸ ಅಂದರೆ ಬಾಡಿಗೆಗೆ ಕೊಡುವವರು ಬೆಂಕಿಯ ಹೆಸರು ಕೇಳಿದಂತೆ ಬೆಚ್ಚುತ್ತಾರೆ. ಧೂಳು, ನಾರು, ಮೇಲಿನ ಮನೆಯವರ ಕೆಮ್ಮು. ಇಲ್ಲಾದರೆ ಎತ್ತರದ ಚಾವಣಿ, ಹಿಂದೆ ಹತ್ತಿ ಒಣಗಿಸುವ ಬಿಸಿಲು ತಾರಸಿ. ಇದು ಹೋದರೆ ಅವಳು ಹಾಸಿಗೆ ಸುತ್ತಿಕೊಂಡು ಹೊರಡಬೇಕಾದದ್ದೇ. ಅವಳೊಬ್ಬಳೇ ಅಲ್ಲ, ಇಡೀ ಸಾಲು. ಪಕ್ಕದ ಗಡಿಯಾರ ರಿಪೇರಿಯ ತಾತ ಬೆಳಿಗ್ಗೆಯಿಂದ ಒಂದೇ ಮಾತು ಕೇಳುತ್ತಿದ್ದ: “ಏನಮ್ಮ, ನಿಮ್ಮೋರು ಒಪ್ಪಿದ್ರಾ?”

ಒಪ್ಪಿರಲಿಲ್ಲ. ಹನ್ನೊಂದಕ್ಕೆ ಪುರಸಭೆಯ ಬಾಗಿಲು ಹಾಕಿ ಓಟು ಶುರುವಾಗುವುದಿತ್ತು. ಹತ್ತು ದಾಟಿದರೂ ಪಕ್ಷ ಹಾಸಿಗೆ ಬಿಟ್ಟು ಎದ್ದಿರಲಿಲ್ಲ.

“ಬಹಿಷ್ಕಾರ!” ಎಂದರು ಡ್ರಿಲ್ ಮೇಷ್ಟ್ರು. ಅವರು ಶಾಲೆಯ ಮೈದಾನದಲ್ಲಿ ಮಾತಾಡುವ ಧ್ವನಿಯಲ್ಲೇ ಎಲ್ಲೆಡೆ ಮಾತಾಡುವವರು. “ಅಕ್ಕ ಆ ಪುರಸಭೆಗೆ ಕಾಲೇ ಇಡಬಾರದು. ಒಳಗೆ ಹೋದ್ರೆ ಅವರ ಗಾಳಿ ಉಸಿರಾಡಬೇಕಾಗುತ್ತೆ!”

“ಕಾಲಿಡಬೇಕು, ಆದ್ರೆ ಕೈ ಎತ್ತಬಾರದು,” ಎಂದರು ವಕೀಲರು. “ತಟಸ್ಥ. ಅದೇ ನಿಯಮಕ್ಕೆ ಸರಿ.”

“ತಟಸ್ಥ ಅಂದ್ರೆ ಸುಮ್ಮನಿರೋದು. ಸುಮ್ಮನಿದ್ರೆ ಒಪ್ಪಿದ ಹಾಗೆ,” ಎಂದಳು ಕಂಡಕ್ಟರಮ್ಮ. ಟಿಕೆಟಿನ ಚೀಲ ಇನ್ನೂ ಹೆಗಲಲ್ಲೇ ಇತ್ತು. “ಒಳಗೆ ಹೋಗಿ ಇಬ್ಬರಿಗೂ ಬೈದು ಬರಬೇಕು.”

“ಬೈದ ಮೇಲೆ ಬಹಿಷ್ಕಾರ,” ಎಂದು ಔಷಧಿ ಅಂಗಡಿಯವನು ಎರಡನ್ನೂ ಬೆರೆಸಲು ನೋಡಿದ. ಅವನಿಗೆ ಮಿಶ್ರಣದ ಅಭ್ಯಾಸ.

“ಬೆರೆಸಬೇಡಿ!” ಎಂದು ಮೂವರೂ ಒಟ್ಟಿಗೆ ಕೂಗಿದರು. ಆ ದಿನ ಅವರು ಒಮ್ಮತಕ್ಕೆ ಬಂದದ್ದು ಅದೊಂದಕ್ಕೇ.

ಹಾಸಿಗೆಯಕ್ಕ ಸ್ಟೂಲಿನಿಂದ ಎದ್ದಳು. “ನನ್ನ ಮಾತೂ ಸ್ವಲ್ಪ ಕೇಳಿ. ನಾನು ಕೂಡು ಬಣಕ್ಕೆ ಹಾಕ್ತೀನಿ. ಮಾರುಕಟ್ಟೆ ಉಳಿಯುತ್ತೆ. ಆಮೇಲೆ ಬೇಕಾದ್ರೆ ನನ್ನ ಬೈಯಿರಿ, ಕೂತ್ಕೊಂಡು ಬೈಯೋಕೆ ಜಾಗ ಆದ್ರೂ ಇರುತ್ತೆ.”

ಒಂದೇ ಸಲ ನಾಲ್ಕು ಹಾಸಿಗೆಗಳು ಚರ್ ಎಂದವು.

“ಐಸು ಸಾಹುಕಾರನ ಜೊತೆ! ಅವನು ನಿಂತ ನೆಲಾನೇ ಒದ್ದೆ ಮಾಡೋನು! ಎಲ್ಲಿ ಬಿಸಿ ಇದ್ರೆ ಅಲ್ಲಿ ಕರಗ್ತಾನೆ!”

“ಅವನು ಐಸ್ ಇಟ್ಟಿದ್ದಾನೆ ಅಕ್ಕ ನಿಮಗೆ, ತಲೆ ತಣ್ಣಗಾಗಿದೆ!”

“ತಣ್ಣಗಿರೋ ತಲೆ ಇಲ್ಲಿ ಒಂದಾದ್ರೂ ಇರಲಿ ಬಿಡಿ,” ಎಂದಳು ಅಕ್ಕ.

ಇಷ್ಟೂ ಹೊತ್ತು ಮಾತಾಡದೆ ಇದ್ದವರು ಒಬ್ಬರೇ. ಒಳಮೂಲೆಯಲ್ಲಿ, ಇನ್ನೂ ಹೊಲಿಯದ ಹತ್ತಿಯ ರಾಶಿಗೆ ಬೆನ್ನು ಕೊಟ್ಟು ಕೂತಿದ್ದ ಮಾವ. ಅಕ್ಕನ ಸೋದರಮಾವ, ಪಕ್ಷ ಕಟ್ಟಿದವರು. ಅಚ್ಚಿನ ಮನೆಯಲ್ಲಿ ಜೀವಮಾನವೆಲ್ಲ ಕರಡು ತಿದ್ದಿದವರು. ಕಾಗದದ ಮೇಲೆ ಒಂದು ತಪ್ಪು ಕಂಡರೆ ಊಟ ಬಿಟ್ಟು ಏಳುತ್ತಿದ್ದರು. ಅಪ್ಪ ಇಲ್ಲದ ಅಕ್ಕನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆಗೆ ಹೋದವರು. ಅಕ್ಷರಕ್ಕಿಂತ ಮುಂಚೆ ಅವಳು ಘೋಷಣೆ ಕಲಿತದ್ದೇ ಆ ಹೆಗಲ ಮೇಲೆ. ಅವರು ಬೇಡ ಎಂದರೆ ಅವಳು ಮೀರುವವಳಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಎಲ್ಲರೂ ಅವರ ಮುಖ ನೋಡುತ್ತಿದ್ದರು. ಅವರು ಹತ್ತಿಯ ಒಂದು ಎಳೆ ಹಿಡಿದು ಎಳೆಯುತ್ತಾ ಕೂತಿದ್ದರು.

“ಅಕ್ಕನ ಮೇಲೆ ನನಗೆ ಅನುಮಾನ ಇದೆ!” ಎಂದು ಡ್ರಿಲ್ ಮೇಷ್ಟ್ರು ಕೈ ಎತ್ತಿದರು.

ಎಲ್ಲರೂ ನೆಟ್ಟಗೆ ಕೂತರು. ಈ ಪಕ್ಷದಲ್ಲಿ ಆ ಮಾತು ಸುಮ್ಮನೆ ಬರುವ ಮಾತಲ್ಲ. ಅದಕ್ಕೆ ಹೊಸ್ತಿಲ ನಿಯಮ ಎಂದೇ ಹೆಸರು. ಯಾರ ಮೇಲೆ ಅನುಮಾನ ಎದ್ದಿತೋ ಅವರು ತಕ್ಷಣ ಹೊಸ್ತಿಲು ದಾಟಿ ಹೊರಗೆ ನಿಲ್ಲಬೇಕು. ಮುಖ್ಯ ವಿಷಯ ಮುಗಿದ ಮೇಲೆ, ಕೊನೆಗೆ ಅವರ ಬಗ್ಗೆ ತೀರ್ಪು. ಅಲ್ಲಿಯವರೆಗೆ ಅವರಿಗೆ ಮಾತೂ ಇಲ್ಲ, ಮತವೂ ಇಲ್ಲ. ಒಳಗೆ ಎಷ್ಟೇ ಜನ ಉಳಿಯಲಿ, ಒಳಗಿದ್ದವರೇ ಸಭೆ. ಮೊದಲ ಜಗಳವಾದಾಗ ಮಾವನೇ ಬರೆದ ನಿಯಮ ಅದು.

ವಕೀಲರು ಹೌಹಾರಿದರು. “ಮೇಷ್ಟ್ರೇ, ವಾಪಸ್ ತಗೊಳ್ಳಿ! ತಗೊಳ್ಳಿ ಅಂದೆ! ನಿರ್ಣಯ ಆಗೋವಾಗ ಒಳಗಿಲ್ಲದವರಿಗೆ ನಿರ್ಣಯ ಅಂಟಲ್ಲ. ಅಕ್ಕನ್ನ ಹೊರಗೆ ಕಳಿಸಿದ್ರೆ ಅವರು ಸ್ವತಂತ್ರ ಆಗ್ಬಿಡ್ತಾರೆ! ಇವತ್ತು ಇಲ್ಲಿ ಯಾರು ಬೇಕಾದ್ರೂ ಹೊರಗೆ ಹೋಗಬಹುದು, ಅಕ್ಕ ಮಾತ್ರ ಹೋಗೋ ಹಾಗಿಲ್ಲ!”

“ವಾಪಸ್!” ಎಂದು ಮೇಷ್ಟ್ರು ಕೈ ಇಳಿಸಿದರು. ಆದರೆ ಎತ್ತಿದ ಕೈ ಖಾಲಿ ಇಳಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಅದು ಅರ್ಧ ದಾರಿಯಲ್ಲಿ ಔಷಧಿ ಅಂಗಡಿಯವನ ಕಡೆ ತಿರುಗಿತು. “ಹಾಗಾದ್ರೆ ಇವರ ಮೇಲೆ! ಬೆರೆಸೋಕೆ ನೋಡಿದ್ದು ಇವರೇ. ಮೊನ್ನೆ ಐಸು ಸಾಹುಕಾರನ ಸ್ಕೂಟರಿನ ಹಿಂದೆ ಕೂತು ಬಂದದ್ದನ್ನ ಕಣ್ಣಾರೆ ನೋಡಿದೀನಿ.”

“ಮಳೆ ಬರ್ತಿತ್ತು ಮೇಷ್ಟ್ರೇ!”

“ಸಿದ್ಧಾಂತಕ್ಕೆ ಕೊಡೆ ಬೇಕಾ?”

ಔಷಧಿ ಅಂಗಡಿಯವನು ಎದ್ದ. ಹೊಸ್ತಿಲ ಆಚೆ ಒಂದು ಕಾಲಿಟ್ಟು ತಿರುಗಿದ. “ಇನ್ನೊಂದು ಕಾಲು ಒಳಗಿರೋ ತನಕ ನಾನೂ ಸದಸ್ಯ. ಮೇಷ್ಟ್ರ ಮೇಲೆ ನನಗೆ ಅನುಮಾನ! ಹಾಲಿ ಅಧ್ಯಕ್ಷರು ಶಾಲೆಗೆ ಬಂದಾಗ ಮಕ್ಕಳಿಗೆ ಬ್ಯಾಂಡು ಬಾರಿಸೋಕೆ ಹೇಳಿಕೊಟ್ಟೋರು ಯಾರು?”

“ಅದು ಡ್ಯೂಟಿ!”

“ತಾಳ ಯಾರದು? ನೀವೇ ಕಾಲು ಕುಟ್ಟಿ ಹಾಕ್ತಿದ್ರಿ! ಖುಷಿಯಾಗಿ ಕುಟ್ತಿದ್ರಿ!”

ಮೇಷ್ಟ್ರು ಎಡ ಬಲ ಎಡ ಬಲ ಎಂದು ಹೊಸ್ತಿಲವರೆಗೆ ನಡೆದರು. ಅವರದ್ದೂ ಒಂದು ಕಾಲು ಒಳಗೆ ಉಳಿಯಿತು. “ಕಂಡಕ್ಟರಮ್ಮನ ಮೇಲೆ! ಬಸ್ಸಲ್ಲಿ ಹಾಲಿ ಅಧ್ಯಕ್ಷರಿಗೆ ಸೀಟು ಬಿಡಿಸಿಕೊಟ್ರು.”

“ಅಯ್ಯೋ, ಅವರಿಗೆ ವಯಸ್ಸಾಗಿದೆ ಕಣ್ರೀ!”

“ಅವರ ಯೋಜನೆಗೂ ವಯಸ್ಸಾಗಿದೆ. ಅದಕ್ಕೂ ಸೀಟು ಕೊಡ್ತೀರಾ?”

“ರೈಟ್ ರೈಟ್,” ಎಂದು ಕಂಡಕ್ಟರಮ್ಮ ಚೀಲ ಸರಿಮಾಡಿಕೊಂಡಳು. “ಹೋಗ್ತೀನಿ. ಆದ್ರೆ ನಾನೊಬ್ಬಳೇ ಇಳಿಯಲ್ಲ. ವಕೀಲರೇ, ಕಳೆದ ವಾರ ನಿಮ್ಮ ಷಡ್ಡಕನ ಮಗಳ ಮದುವೆಯಲ್ಲಿ ಐಸು ಸಾಹುಕಾರ ಒಂದು ಜೋಕು ಹೇಳಿದ. ನೀವು ನಕ್ಕಿರಿ.”

ವಕೀಲರ ಮುಖ ಬಿಳುಚಿತು. “ಎಲ್ಲರೂ ನಕ್ಕರು.”

“ಎಲ್ಲರೂ ಹಲ್ಲು ಬಿಟ್ಟರು. ನೀವು ಹೊಟ್ಟೆ ಹಿಡ್ಕೊಂಡಿರಿ.”

“ಜೋಕು ಚೆನ್ನಾಗಿತ್ತು,” ಎಂದರು ವಕೀಲರು, ಪ್ರಾಮಾಣಿಕರಾದ್ದರಿಂದ. ಆ ಪ್ರಾಮಾಣಿಕತೆಯೇ ಅವರನ್ನು ಎಬ್ಬಿಸಿತು. ಹೊಸ್ತಿಲ ಮೇಲೆ ನಿಂತಾಗ ಮಾತ್ರ ಅವರ ತಲೆ ಸರಕ್ಕನೆ ಓಡಿತು. ಒಳಗೆ ಉಳಿದವರು ಇಬ್ಬರು. ಅಕ್ಕ ಬೇಕು ಅನ್ನುತ್ತಾಳೆ, ಮಾವ ಬೇಡ ಅನ್ನುತ್ತಾರೆ. ಒಂದಕ್ಕೊಂದು ಹೊಡೆದುಹೋಗುತ್ತೆ. ಹೊಸ ನಿರ್ಣಯ ಆಗದಿದ್ದರೆ ಹಳೆಯದೇ ನಿಲ್ಲುತ್ತೆ. ಹಳೆಯದು ಪಕ್ಷದ ಮೊದಲ ಸಾಲು: ಯಾರ ಜೊತೆಗೂ ಇಲ್ಲ. ಮಾವನ ಮೇಲೆ ಅನುಮಾನ ಪಡುವವನು ಈ ಊರಲ್ಲಿ ಹುಟ್ಟಿಲ್ಲ. ವಕೀಲರು ನಗುತ್ತಲೇ ಹೊರಗೆ ಕಾಲಿಟ್ಟರು.

ಹೊರಗೆ ಮಾರುಕಟ್ಟೆಯ ಓಣಿಯಲ್ಲಿ ನಾಲ್ಕೂ ಜನ ಸಾಲಾಗಿ ನಿಂತರು. ಗಡಿಯಾರದ ತಾತ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜು ತೆಗೆಯದೆಯೇ ಅವರನ್ನು ಒಬ್ಬೊಬ್ಬರಾಗಿ ನೋಡಿದ. “ಪಕ್ಷ ಹೊರಗೆ ಬಂದಿದೆ, ಒಳಗೇನಿದೆ?” ಎಂದ.

ಒಳಗೆ ಮಾವ ಹತ್ತಿಯ ಎಳೆ ಕೆಳಗಿಟ್ಟಿದ್ದರು.

“ಮಾವ,” ಎಂದಳು ಹಾಸಿಗೆಯಕ್ಕ. ಗಂಟೆ ಹತ್ತೂವರೆ ದಾಟಿತ್ತು. “ನೀವು ಬೇಡ ಅಂದ್ರೆ ನಾನು ಹಾಕಲ್ಲ. ಹೋಗಿ ಕೂತು, ಕೈ ಕಟ್ಕೊಂಡು ಬರ್ತೀನಿ. ಆದ್ರೆ ಆಮೇಲೆ ಈ ಸಾಲಿನವರ ಮುಖ ನಾನು ಹೇಗೆ ನೋಡಲಿ, ಅದನ್ನೂ ನೀವೇ ಹೇಳಿಕೊಡಬೇಕು.”

“ಆ ಐಸಿನವನು ಎಂಥವನು ಗೊತ್ತೇನು ನಿನಗೆ?”

“ಗೊತ್ತು. ನಾಲ್ಕು ಪಕ್ಷ ಬಿಟ್ಟಿದ್ದಾನೆ. ಐದನೇದು ತಾನೇ ಕಟ್ಟಿದ್ದಾನೆ, ಅದನ್ನೂ ಬಿಡೋಕೆ ಚಪ್ಪಲಿ ಹಾಕ್ಕೊಂಡೇ ಕೂತಿದ್ದಾನೆ.”

“ನಾಳೆ ಮಾತು ತಪ್ಪಿದ್ರೆ?”

“ತಪ್ತಾನೆ ಮಾವ! ತಪ್ಪದೇ ಇರ್ತಾನಾ? ತಪ್ಪಿದಾಗ ಕಾಲರ್ ಹಿಡಿದು ಕೇಳೋಕೆ ಪಕ್ಕದಲ್ಲಿ ನಾನಿರಬೇಕು. ದೂರದಲ್ಲಿ ನಿಂತ್ರೆ ಕೈ ಎಟುಕಲ್ಲ. ಹಳೇ ಬಣದವರು ನೋಡಿ, ಕೆಡವ್ತೀವಿ ಅಂದಿದ್ದಾರೆ, ಕೆಡವೇ ಕೆಡವ್ತಾರೆ. ಆಡಿದ ಮಾತು ತಪ್ಪದವರು. ಹಾಗೆ ನೋಡಿದ್ರೆ ಅವರೇ ನಮಗಿಂತ ನೇರ ನಡೆಯವರು!”

ಮಾವ ಫಕ್ಕನೆ ನಕ್ಕರು. ನಕ್ಕದ್ದು ತಮಗೇ ಗೊತ್ತಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಅಚ್ಚಿನ ಮನೇಲಿ ನನ್ನ ಕೈಗೆ ಬಂದ ಹಾಳೆ ಎಲ್ಲ ತಿದ್ದಿ ಕಳಿಸ್ತಿದ್ದೆ. ಪಕ್ಷದಲ್ಲಿ ಅದೇ ಕೆಲಸ ಮಾಡಿದೆ ಅಂದ್ಕೊಂಡಿದ್ದೆ, ಮಗಳೇ. ಈಗ ನೋಡಿದ್ರೆ ತಿದ್ದಲೇ ಇಲ್ಲ. ಹಾಳೆ ಹಾಳೆನೇ ಹರಿದು ಬುಟ್ಟಿಗೆ ಹಾಕಿದೀನಿ. ಇನ್ನು ರಟ್ಟು ಒಂದೇ ಉಳಿದಿರೋದು.”

“ಹಾಗಾದ್ರೆ ಹೂಂ ಅನ್ನಿ.”

“ಅನ್ನಲ್ಲ,” ಎಂದರು ಮಾವ. “ಈ ಬಾಯಲ್ಲಿ ಆ ಮಾತು ಬರಲ್ಲ. ಹೆಗಲ ಮೇಲೆ ನಿನ್ನ ಕೂರಿಸ್ಕೊಂಡು ಏನು ಕೂಗಿದ್ದೆನೋ ಅದನ್ನ ಈಗ ತಿರುಗಿಸಿ ಕೂಗೋಕೆ ನನ್ನಿಂದಾಗಲ್ಲ.”

ಅಕ್ಕನ ಮುಖ ಇಳಿದುಹೋಯಿತು. ಮುಗಿಯಿತು ಎಂದುಕೊಂಡಳು. ಮಾವ ನೆಲಕ್ಕೆ ಕೈಯೂರಿ ಎದ್ದರು. ಎದ್ದವರು ಬಲಗೈಯನ್ನು ತಲೆಯ ಮೇಲಕ್ಕೆ, ಹಳೆಯ ಮೆರವಣಿಗೆಯ ಚಿತ್ರಗಳಲ್ಲಿ ಎತ್ತಿದಂತೆ, ಎತ್ತಿದರು.

“ಒಬ್ಬ ಸದಸ್ಯನ ಮೇಲೆ ಅನುಮಾನ ಇದೆ.”

“ಯಾರ ಮೇಲೆ ಮಾವ? ನಾನೊಬ್ಬಳೇ ಇರೋದು.”

“ನನ್ನ ಮೇಲೆ.”

ಹೊರಗಿದ್ದ ನಾಲ್ಕೂ ಜನ ಬಾಗಿಲಿಗೆ ಮುಗಿಬಿದ್ದರು.

“ಬೆಳಿಗ್ಗೆ ಗಡಿಯಾರದವನು ಹೇಳಿದ, ಕೂಡು ಬಣ ಗೆದ್ರೆ ಈ ಸಾಲು ಉಳಿಯುತ್ತೆ ಅಂತ. ಕೇಳಿದ ತಕ್ಷಣ ನನಗೆ ಖುಷಿಯಾಯ್ತು. ಇನ್ನೊಂದು ಪಕ್ಷದ ಗೆಲುವಿಗೆ ಒಬ್ಬ ಸ್ಥಾಪಕ ಸದಸ್ಯನ ಒಳಗೆ ಖುಷಿ! ಇದಕ್ಕಿಂತ ಕೆಟ್ಟ ಅನುಮಾನ ಈ ಅಂಗಡೀಲಿ ಇವತ್ತು ಯಾರ ಮೇಲೂ ಬಂದಿಲ್ಲ. ನಡಿ, ದಾರಿ ಬಿಡು.”

“ಮಾವ, ಬೇಡ!” ಎಂದು ವಕೀಲರು ಹೊರಗಿನಿಂದ ಚೀರಿದರು. “ಇದು ಅಕ್ರಮ!”

“ಹೊರಗಿರೋರಿಗೆ ಮಾತಿಲ್ಲ,” ಎಂದರು ಮಾವ, ಹೊಸ್ತಿಲು ದಾಟುತ್ತಾ. ದಾಟಿ, ವಕೀಲರ ಪಕ್ಕದಲ್ಲಿ ಶಿಸ್ತಾಗಿ ನಿಂತುಕೊಂಡರು. ಇನ್ನು ಅವರಿಗೂ ಮಾತಿರಲಿಲ್ಲ.

ಹಾಸಿಗೆಯಕ್ಕ ತಿರುಗಿ ನೋಡಿದಳು. ಸುತ್ತ ಖಾಲಿ ಹಾಸಿಗೆಗಳು, ಪ್ರತಿಯೊಂದರ ಮೇಲೂ ಒಂದೊಂದು ಗುಂಡಿ, ಒಬ್ಬೊಬ್ಬ ಸದಸ್ಯ ಕೂತಷ್ಟು. ಆಮೇಲೆ ಅವಳಿಗೆ ಹೊಳೆಯಿತು. ಒಳಗಿದ್ದವರೇ ಸಭೆ. ಒಳಗಿದ್ದದ್ದು ಅವಳು. ಅವಳೇ ಸಭೆ!

“ಕೂಡು ಬಣಕ್ಕೆ ಬೆಂಬಲ ಕೊಡಬೇಕು ಅಂತ ನಿರ್ಣಯ ಮಂಡಿಸ್ತಾ ಇದೀನಿ,” ಎಂದು ಅವಳು ಜೋರಾಗಿ ಹೇಳಿದಳು. “ಪರವಾಗಿ ಇರೋರು ಕೈ ಎತ್ತಿ.” ಎತ್ತಿದಳು. “ವಿರೋಧ?” ಅಂಗಡಿಯ ಸುತ್ತ ನೋಡಿದಳು. ಫ್ಯಾನು ಮಾತ್ರ ತಲೆಯಾಡಿಸುತ್ತಿತ್ತು. “ಸರ್ವಾನುಮತದಿಂದ ಅಂಗೀಕಾರ!”

ಪಕ್ಷದ ಇತಿಹಾಸದಲ್ಲಿ ಸರ್ವಾನುಮತ ಅನ್ನುವುದು ಅದೇ ಮೊದಲು.

ಮೈಮೇಲಿನ ಹತ್ತಿ ಕೊಡವಿಕೊಂಡು ಅವಳು ಓಡಿದಳು. ಓಣಿಯುದ್ದ ಅಂಗಡಿಯವರು ಬಾಗಿಲಿಗೆ ಬಂದು ನಿಂತಿದ್ದರು. “ಏನಾಯ್ತಕ್ಕ?” “ಆಯ್ತಾ?” ಹಿಂದಿನಿಂದ ವಕೀಲರು, “ಅಕ್ಕ, ಸಭೆ ಮುಗೀತು ಅಂತ ಹೇಳಿಲ್ಲ ನೀವು! ನಮ್ಮ ತೀರ್ಪು ಆಗಿಲ್ಲ! ನಾವು ಹೀಗೇ ಎಷ್ಟು ಹೊತ್ತು ಇರೋದು?” ಎನ್ನುತ್ತಾ ಓಡಿಬಂದರು. ಅವರ ಹಿಂದೆ ಮೇಷ್ಟ್ರು, ಮೇಷ್ಟ್ರ ಹಿಂದೆ ಕಂಡಕ್ಟರಮ್ಮ, ಔಷಧಿ ಅಂಗಡಿಯವನು, ಕೊನೆಗೆ ಏದುಸಿರು ಬಿಡುತ್ತಾ ಮಾವ. ಇಷ್ಟು ವರ್ಷದಲ್ಲಿ ಇಡೀ ಪಕ್ಷ ಒಂದೇ ದಿಕ್ಕಿಗೆ ಓಡಿದ್ದನ್ನು ಊರು ನೋಡಿರಲಿಲ್ಲ. ರಸ್ತೆ ಬದಿಯವರು ಇದೇನೋ ಮೆರವಣಿಗೆ ಎಂದುಕೊಂಡು ಕೈ ಬೀಸಿದರು. ಅಭ್ಯಾಸಬಲದಿಂದ ಮೇಷ್ಟ್ರೂ ಕೈ ಬೀಸಿ, “ಲೆಫ್ಟ್ ತಗೊಳ್ಳಿ ಅಕ್ಕ, ಲೆಫ್ಟ್! ಬ್ಯಾಂಕಿನ ಹಿಂದಿಂದ ಹೋದ್ರೆ ಬೇಗ!” ಎಂದು ಕೂಗಿದರು. ಕೂಗಿದ ಮೇಲೆ ತಾವು ಯಾರಿಗೆ ದಾರಿ ತೋರಿಸಿದೆವು ಎಂದು ನಾಲಿಗೆ ಕಚ್ಚಿಕೊಂಡರು.

ಪುರಸಭೆಯ ಜವಾನ ಬಾಗಿಲ ಒಂದು ಪಕ್ಕ ಮುಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದ. ಹಾಸಿಗೆಯಕ್ಕ ಸಂದಿಯಲ್ಲೇ ತೂರಿ ಒಳಗೆ ಬಿದ್ದಳು. ಉಳಿದವರು ಸಾರ್ವಜನಿಕರ ಕಟಕಟೆಯ ಹಿಂದೆ ಸಾಲಾಗಿ ನಿಂತರು.

“ಹಾಲಿ ಅಧ್ಯಕ್ಷರ ಪರ?” ಹತ್ತು ಕೈ. “ಕೂಡು ಬಣದ ಪರ?” ಹತ್ತು ಕೈ ಮೇಲೆದ್ದವು, ಐಸು ಸಾಹುಕಾರನ ಕೈ ಬೆವರಿ ಹೊಳೆಯುತ್ತಿತ್ತು. ಅಧ್ಯಕ್ಷರು ಮುಗುಳ್ನಕ್ಕು ತಮ್ಮ ಇನ್ನೊಂದು ಓಟಿಗೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಹತ್ತಿ ಮೆತ್ತಿದ ಒಂದು ಕೈ ಎದ್ದಿತು.

“ನೇರ ನಡೆ ಪಕ್ಷ,” ಎಂದಳು ಹಾಸಿಗೆಯಕ್ಕ, “ಕೂಡು ಬಣದ ಪರ.”

ಗದ್ದಲವೋ ಗದ್ದಲ! ಮೇಜು ಕುಟ್ಟುವವರು, ಶಿಳ್ಳೆ ಹಾಕುವವರು, ಧಿಕ್ಕಾರ ಕೂಗುವವರು. ಅದೇ ಗದ್ದಲದಲ್ಲಿ ಕಟ್ಟಡದ ಯೋಜನೆ ರದ್ದು ಮಾಡುವ ನಿರ್ಣಯವೂ ಹನ್ನೊಂದು ಕೈಗಳಿಂದ ಪಾಸಾಯಿತು. ಕಿಟಕಿಯಿಂದ ಯಾರೋ ಕೂಗಿ ಹೇಳಿದ್ದು ಓಣಿಗೆ ಮುಟ್ಟುವ ಹೊತ್ತಿಗೆ ಗಡಿಯಾರದ ತಾತ ಅಂಗಡಿಯ ಅಲಾರಂಗಳನ್ನೆಲ್ಲ ಒಟ್ಟಿಗೆ ಬಾರಿಸಿಬಿಟ್ಟಿದ್ದ.

ವರಾಂಡದಲ್ಲಿ ಐಸು ಸಾಹುಕಾರ ಅಕ್ಕನ ಕೈ ಹಿಡಿದು ಕುಲುಕಿದ. “ಅಕ್ಕ, ನೀವು ಬಂಗಾರ! ಆದ್ರೆ ಆ ನಿಮ್ಮವರು…” ಕಂಬದ ಹತ್ತಿರ ಸಾಲಾಗಿ ನಿಂತ ಐವರ ಕಡೆ ಕಣ್ಣು ಹೊರಳಿಸಿದ. “ಯಾಕೆ ಹಾಗೆ ನಿಂತಿದ್ದಾರೆ?”

“ತೀರ್ಪಿಗೆ ಕಾಯ್ತಾ ಇದಾರೆ. ನಾನು ಹೇಳೋ ತನಕ ಅವರಿಗೆ ಮಾತಿಲ್ಲ.”

ಸಾಹುಕಾರನ ಕಣ್ಣು ಹೊಳೆಯಿತು. “ಹೇಳ್ಲೇಬೇಡಿ! ಹಾಗೇ ಇಟ್ಟುಬಿಡಿ! ಒಬ್ಬರೇ ಪಕ್ಷ, ಒಂದೇ ಬಾಯಿ. ನಿಮಗೂ ನೆಮ್ಮದಿ, ನನಗೂ ಒಬ್ಬರ ಹತ್ರ ಮಾತಾಡಿದ್ರೆ ಆಯ್ತು. ಅವರು ವಾಪಸ್ ಬಂದ್ರೆ ಮೊದಲು ನಿಮ್ಮನ್ನೇ ಕಿತ್ತು ಹಾಕ್ತಾರೆ, ಬರೆದುಕೊಡ್ತೀನಿ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಾರುಕಟ್ಟೆಗೆ ವಾಪಸು ನಡೆಯುವಾಗ ಅಕ್ಕನ ತಲೆಯಲ್ಲಿ ಅದೇ ಗಿರಗಿರ. ಹಿಂದೆ ಐದು ಜನ, ಉಸಿರೆತ್ತದೆ. ಎಷ್ಟು ಹಿತವಾಗಿತ್ತು! ಯಾರೂ ‘ಆದರೆ’ ಅನ್ನುತ್ತಿಲ್ಲ, ಯಾರೂ ತಿದ್ದುಪಡಿ ಕೊಡುತ್ತಿಲ್ಲ. ಅವಳು ಅಂದದ್ದೇ ಪಕ್ಷ, ನಡೆದದ್ದೇ ನೇರ. ಇಷ್ಟು ಅಪ್ಪಟ ಪಕ್ಷವನ್ನು ಮಾವ ಕೂಡ ಕಟ್ಟಿರಲಿಲ್ಲ. ಹತ್ತು ಹೆಜ್ಜೆ ಅವಳು ಆ ಸುಖದಲ್ಲಿ ತೇಲಿದಳು. ಆಮೇಲೆ ತಿರುಗಿ ನೋಡಿದಳು. ಮಾತಾಡಲಾಗದ ಮೇಷ್ಟ್ರ ಕುತ್ತಿಗೆಯ ನರ ಉಬ್ಬಿತ್ತು, ಪಾಪ. ಮಾವ ಚಪ್ಪಲಿಯ ಕಿತ್ತ ಉಂಗುಷ್ಟ ಕಾಲ್ಬೆರಳಲ್ಲಿ ಹಿಡಿದು ನಡೆಯುತ್ತಿದ್ದರು.

ಅಂಗಡಿಯ ಹೊಸ್ತಿಲಲ್ಲಿ ನಿಂತು ಅವಳು ಹೇಳಿದಳು: “ಸಭೆ ಮುಂದುವರಿದಿದೆ. ಸ್ಕೂಟರು ತಪ್ಪಲ್ಲ. ಬ್ಯಾಂಡು ತಪ್ಪಲ್ಲ. ಸೀಟು ತಪ್ಪಲ್ಲ. ಜೋಕು ಚೆನ್ನಾಗಿತ್ತು ಅಂತ ನಾನೂ ಕೇಳಿದೀನಿ. ಖುಷಿ…” ಮಾವನ ಕಡೆ ನೋಡಿದಳು. “ಖುಷಿಪಡೋದು ಇನ್ನು ಮೇಲೆ ಈ ಪಕ್ಷದಲ್ಲಿ ತಪ್ಪಲ್ಲ. ಎಲ್ಲರೂ ಒಳಗೆ ಬನ್ನಿ.”

ಐವರೂ ನುಗ್ಗಿದರು. ಹಾಸಿಗೆಗಳು ಚರ್ ಎಂದವು. ಕೂತು ಸಾವರಿಸಿಕೊಳ್ಳುವಷ್ಟರಲ್ಲೇ ಒಂದು ಕೈ ಮೇಲೆದ್ದಿತ್ತು. ಮೇಷ್ಟ್ರದಲ್ಲ, ವಕೀಲರದೂ ಅಲ್ಲ.

“ಪಕ್ಷದ ಮೊದಲ ಸಾಲು ಮೀರಿದ ಸದಸ್ಯೆಯ ಮೇಲೆ ಅನುಮಾನ ಇದೆ,” ಎಂದರು ಮಾವ. ಧ್ವನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. “ಆಚೆ ನಡಿ, ಮಗಳೇ.”

“ಹೋಗ್ತೀನಿ ಮಾವ,” ಎಂದು ಹಾಸಿಗೆಯಕ್ಕ ಬೇರೊಬ್ಬರ ಮೇಲೂ ಬೆರಳು ತೋರಿಸದೆ ಹೊಸ್ತಿಲು ದಾಟಿದಳು. “ಬೇಗ ಮುಗಿಸಿ, ಎರಡು ದಿಂಬಿಗೆ ಹತ್ತಿ ತುಂಬಬೇಕು.”

ಓಣಿಯವರು ಮುತ್ತಿಕೊಂಡರು. ಯಾರೋ ಅವಳ ಕೈಗೆ ತಣ್ಣನೆ ನೀರು ಕೊಟ್ಟರು, ಯಾರೋ ಬೆನ್ನು ತಟ್ಟಿದರು. ಒಳಗೆ ಗಲಾಟೆ ಶುರುವಾಯಿತು.

“ಉಚ್ಚಾಟನೆ!” ವಕೀಲರು.

“ಎಚ್ಚರಿಕೆ ಸಾಕು. ಆದ್ರೆ ಜೋರು ಧ್ವನೀಲಿ, ನಾನೇ ಕೊಡ್ತೀನಿ,” ಮೇಷ್ಟ್ರು.

“ಮೊದಲು ಅಭಿನಂದನೆ, ಆಮೇಲೆ ಉಚ್ಚಾಟನೆ. ಮಾರುಕಟ್ಟೆ ಉಳಿಸಿದ್ದಾರೆ ಕಣ್ರೀ!” ಕಂಡಕ್ಟರಮ್ಮ.

“ಕ್ಷಮಾಪಣೆ ಬರೆದುಕೊಡಲಿ, ನಾನೇ ತಿದ್ತೀನಿ,” ಮಾವ.

“ಅಮಾನತು,” ಔಷಧಿ ಅಂಗಡಿಯವನು. “ಒಂದು ತಿಂಗಳು. ಗುಣ ಕಾಣದಿದ್ರೆ ಮತ್ತೆ ನೋಡೋಣ.”

“ನಿಮ್ಮ ಮೇಲೆ ನನಗೆ…” ಎಂದು ಮೇಷ್ಟ್ರು ಶುರುಮಾಡಿದರು.

“ಕೈ ಇಳಿಸ್ರೀ!” ವಕೀಲರು ಅಳುವ ಧ್ವನಿಯಲ್ಲಿ ಕೂಗಿದರು. “ಯಾರೂ ಯಾರ ಮೇಲೂ ಅನುಮಾನ ಪಡಬೇಡಿ! ಬೆಳಿಗ್ಗೆ ಪಟ್ಟು ಅನುಭವಿಸಿದ್ದು ಸಾಕು! ಐದು ಜನ ಇದೀವಿ, ಐದು ಅಭಿಪ್ರಾಯ. ಮೂರು ಜನ ಒಂದು ಕಡೆ ಸೇರದೆ ಅಕ್ಕನ ಕೂದಲು ಕೊಂಕಿಸೋಕೂ ಆಗಲ್ಲ.”

ಒಳಗೆ ಒಂದು ಹಾಸಿಗೆ ಚರ್ ಎಂದಿತು. ಹಾಸಿಗೆಯಕ್ಕ ನೀರಿನ ಲೋಟ ಬಾಯಿಯ ಹತ್ತಿರವೇ ಹಿಡಿದು ನಿಂತಳು.

“ಸರಿ,” ಎಂದಿತು ಕಂಡಕ್ಟರಮ್ಮನ ಧ್ವನಿ, ಸಣ್ಣಗೆ. “ನೀವು ನನ್ನ ಅಭಿನಂದನೆಗೆ ಒಪ್ಪಿ ವಕೀಲರೇ, ನಾನು ನಿಮ್ಮ ಉಚ್ಚಾಟನೇನ ಯೋಚನೆ ಮಾಡ್ತೀನಿ.”

“ಅರ್ಧ ಅಭಿನಂದನೆ.”

“ಅರ್ಧ ಟಿಕೆಟ್ ಮಕ್ಕಳಿಗೆ. ಪೂರ್ತಿ ಕೊಡಿ.”

“ಅಮಾನತು ಅಂದ್ರೆ ವಕೀಲರಿಗೂ ಮೇಷ್ಟ್ರಿಗೂ ಆಗುತ್ತಲ್ಲ,” ಎಂದ ಔಷಧಿ ಅಂಗಡಿಯವನು ಆಸೆಯಿಂದ. “ಅದು ಉಚ್ಚಾಟನೆ ಮತ್ತು ಎಚ್ಚರಿಕೆಯ… ಬೆರೆಸಿದ ಹಾಗೆ.”

ಈ ಸಲ ಯಾರೂ ಬೆರೆಸಬೇಡಿ ಎನ್ನಲಿಲ್ಲ.

“ಹಾಗಾದ್ರೆ ನೀವೂ ಸ್ವಲ್ಪ ಬಿಡಿ ಮೇಷ್ಟ್ರೇ,” ಎಂದರು ಮಾವ. “ನಾನೂ ಸ್ವಲ್ಪ ಬಿಡ್ತೀನಿ.”

ಅಕ್ಕ ತುಟಿಗೆ ಬೆರಳಿಟ್ಟು ಇಡೀ ಓಣಿಗೆ ಸುಮ್ಮನಿರುವಂತೆ ಸನ್ನೆ ಮಾಡಿದಳು. ತಾತ ಕೊನೆಯ ಅಲಾರಮ್ಮಿನ ಬಾಯಿ ಅಮುಕಿ ಹಿಡಿದ. ಅದೇ ಹೊತ್ತಿಗೆ ಅವಳ ಫೋನು ಗುರ್ ಎಂದಿತು. ಐಸು ಸಾಹುಕಾರ. ಕೂಡು ಬಣದಲ್ಲಿ ಯಾವ ಸಮಿತಿ ಯಾರಿಗೆ ಎಂದು ಆಗಲೇ ಕೈ ಕೈ ಮಿಲಾಯಿಸುವ ಹಾಗಾಗಿದೆಯಂತೆ, ಅಕ್ಕ ಓಡಿ ಬರಬೇಕಂತೆ.

“ಈಗ ಬರೋಕಾಗಲ್ಲ ಸಾಹುಕಾರ್ರೇ,” ಎಂದಳು ಅಕ್ಕ ಪಿಸುಗುಟ್ಟುತ್ತಾ, ಕಿವಿಯನ್ನು ಬಾಗಿಲಿಗೇ ಒತ್ತಿ. “ಇಲ್ಲಿ ನಮ್ಮವರು ಚೌಕಾಸಿ ಮಾಡ್ತಾ ಇದಾರೆ! ನನ್ನನ್ನ ತೆಗೆಯೋಕೆ… ಹೂಂ, ನನ್ನನ್ನೇ! ಏನು ಚೆನ್ನಾಗಿ ಕೊಟ್ಟು ತಗೊಳ್ತಾ ಇದಾರೆ ಅಂತೀರಿ, ಸ್ವಲ್ಪ ತಡೀರಿ, ಮಾವ ಇನ್ನೊಂದು ಬಿಟ್ಟುಕೊಟ್ರು!”